ಎದುರಿನವರು ಮಾತಾಡುವಾಗಲೇ ನಮ್ಮ ನಟನೆ

ತೆರೆಯ ಮೇಲೆ ನಟನ ಕೆಲಸ ಜಾಸ್ತಿ ನಡೆಯುವುದು ಎದುರಿನವರು ಮಾತಾಡುವಾಗ. ಅಣ್ಣ, ಸೋದರಮಾವ, ಗುಮಾಸ್ತ, ಇನ್‌ಸ್ಪೆಕ್ಟರ್, ಹುಡುಗಿಯ ಅಪ್ಪ, ಇಂಥ ಪಾತ್ರಗಳನ್ನೇ ಧಾರಾವಾಹಿ ಮತ್ತು ಸಿನಿಮಾದಲ್ಲಿ ಮಾಡುತ್ತಾ ಮನೆ ನಡೆಸುತ್ತಿದ್ದೇನೆ. ಈ ಪಾತ್ರಗಳಿಗೆ ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ನಟನೆಗೆ ಬರಬೇಕು ಅನ್ನುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಾನು ಹಾವೇರಿ ಕಡೆಯವನು. ಕಲಿತದ್ದು ಹೆಗ್ಗೋಡಿನ ನೀನಾಸಂನಲ್ಲಿ. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಊರಿನ ಗೆಳೆಯರು ಕಟ್ಟಿದ ಸಂಸ್ಥೆ ಅದು. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು. ಬೆಳಿಗ್ಗೆ ದೇಹಕ್ಕೆ, ದನಿಗೆ ಕಸರತ್ತು. ಆಮೇಲೆ ಪಾಠ, ಸಂಜೆಯಿಂದ ರಾತ್ರಿವರೆಗೆ ತಾಲೀಮು. ನಟನೆ ಕಲಿಯಲು ಹೋದವನು ಸೆಟ್ಟಿಗೆ ಮೊಳೆ ಹೊಡೆಯುವುದನ್ನೂ, ಲೈಟು ಕಟ್ಟುವುದನ್ನೂ ಕಲಿಯುತ್ತಾನೆ. ನಂತರ ತಿರುಗಾಟ. 1985ರಿಂದ ನಡೆದು ಬಂದ ಈ ಪ್ರವಾಸದಲ್ಲಿ ಅದೇ ನಾಟಕಗಳನ್ನು ಊರೂರಿಗೆ ಹೊತ್ತುಕೊಂಡು ಹೋಗಿ ಆಡಬೇಕು. ನಿನ್ನೆ ಆಡಿದ್ದನ್ನೇ ಇವತ್ತು ಹೊಸದಾಗಿ ಆಡುವ ಅಭ್ಯಾಸ ಅಲ್ಲಿ ಆಗುತ್ತದೆ. ಆರನೇ ಟೇಕಿನಲ್ಲೂ ಮೊದಲ ಸಲ ಕೇಳಿದವನ ಹಾಗೆ ಕೇಳಿಸಿಕೊಳ್ಳಲು ನನಗೆ ಶಕ್ತಿ ಕೊಟ್ಟದ್ದು ತಿರುಗಾಟವೇ.

ನಮ್ಮವರು ಅಭಿನಯವನ್ನು ಆಂಗಿಕ (ಮೈ ಕೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ವಿಕ ಎಂದು ನಾಲ್ಕು ಭಾಗ ಮಾಡುತ್ತಾರಲ್ಲ, ಮುಖವಷ್ಟೇ ಕಾಣುವ ಕ್ಲೋಸ್‌ಅಪ್‌ನಲ್ಲಿ ಮೊದಲ ಮೂರೂ ಚಿಕ್ಕದಾಗುತ್ತವೆ. ಕೈ ಫ್ರೇಮಿನಲ್ಲೇ ಇರುವುದಿಲ್ಲ. ದನಿಯನ್ನು ಕೊನೇ ಸಾಲಿಗೆ ಮುಟ್ಟಿಸಬೇಕಿಲ್ಲ, ಎದೆಯ ಮೇಲೆ ಮೈಕು ಇರುತ್ತದೆ. ಉಳಿಯುವುದು ಸಾತ್ವಿಕ, ಅಂದರೆ ಒಳಗೆ ನಿಜವಾಗಿ ಏನಾಗುತ್ತಿದೆಯೋ ಅದು. ಅದನ್ನು ಮುಖದಲ್ಲಿ ‘ಮಾಡಿ ತೋರಿಸಲು’ ಹೋದರೆ ಕ್ಯಾಮೆರಾ ತಕ್ಷಣ ಹಿಡಿದುಬಿಡುತ್ತದೆ.

ಇದಕ್ಕೆ ನಾನು ಮಾಡಿಕೊಂಡ ಅಭ್ಯಾಸ ತುಂಬಾ ಸರಳ. ಫೋನನ್ನು ಕಣ್ಣಿನ ಎತ್ತರಕ್ಕೆ ಇಡುತ್ತೇನೆ. ಪಕ್ಕದಲ್ಲಿ ಗೆಳೆಯನೊಬ್ಬ ಕೂತು ಒಂದು ಉದ್ದನೆಯ ಮಾತು ಹೇಳುತ್ತಾನೆ. ಸಾಲದ ವಿಷಯ, ಸಾವಿನ ಸುದ್ದಿ, ಹಳೇ ಜಗಳ, ಏನಾದರೂ ಸರಿ. ನಾನು ಒಂದು ಮಾತೂ ಆಡುವುದಿಲ್ಲ, ಸುಮ್ನೆ ಕೇಳುತ್ತೇನೆ. ರೆಕಾರ್ಡ್ ಆಗುವುದು ನನ್ನ ಮುಖ ಮಾತ್ರ. ಆಮೇಲೆ ಸೌಂಡ್ ತೆಗೆದು ನೋಡುತ್ತೇನೆ. ಯಾವ ಜಾಗದಲ್ಲಿ ಮಾತು ನನಗೆ ತಾಗಿತು ಅಂತ ಮುಖದಲ್ಲಿ ಕಾಣಬೇಕು. ಎಲ್ಲ ಮಾತಿಗೂ ಹುಬ್ಬು ಏರಿದರೆ, ತಲೆ ಆಡಿದರೆ, ಅದು ಕೇಳಿಸಿಕೊಳ್ಳುವುದಲ್ಲ, ಕೇಳಿಸಿಕೊಂಡ ಹಾಗೆ ನಟಿಸುವುದು. ಈಗಲೂ ಕೆಲಸವಿಲ್ಲದ ದಿನ ಇದನ್ನು ಬಿಟ್ಟಿಲ್ಲ.

ಸೆಟ್ಟಿನಲ್ಲಿ ಒಂದು ಪದ್ಧತಿ ಇದೆ. ಮೊದಲು ಎಲ್ಲರೂ ಕಾಣುವ ಹಾಗೆ ಇಡೀ ಸೀನನ್ನು ಒಮ್ಮೆ ತೆಗೆಯುತ್ತಾರೆ, ಅದು ಮಾಸ್ಟರ್. ಆಮೇಲೆ ಒಬ್ಬೊಬ್ಬರ ಕ್ಲೋಸ್. ತಮ್ಮ ಕ್ಲೋಸ್ ಮುಗಿದ ಕೂಡಲೇ ಹೊರಗೆ ಹೋಗಿ ಕೂರುವ ಕಲಾವಿದರಿದ್ದಾರೆ. ಆಗ ಅಸಿಸ್ಟೆಂಟ್ ಒಬ್ಬ ಸಪ್ಪೆಯಾಗಿ ಅವರ ಡೈಲಾಗ್ ಓದುತ್ತಾನೆ, ಎದುರಿನ ನಟ ಆ ಸಪ್ಪೆ ದನಿಗೆ ಅಳಬೇಕು. ನಾನು ಹೋಗುವುದಿಲ್ಲ. ಕ್ಯಾಮೆರಾಗೆ ಒತ್ತಿಕೊಂಡು ನಿಂತು, ನನ್ನ ಶಾಟ್‌ನಲ್ಲಿ ಕೊಟ್ಟಷ್ಟನ್ನೇ ಪೂರ್ತಿ ಕೊಡುತ್ತೇನೆ. ಇದು ಉಪಕಾರ ಅಂತ ಅಂದುಕೊಳ್ಳಬೇಡಿ. ಸೀನು ಇಬ್ಬರದ್ದೂ ಅಲ್ವಾ?

ಕೆಲವು ತಾಂತ್ರಿಕ ವಿಷಯಗಳನ್ನು ಬೇಗ ಕಲಿತುಬಿಡಿ. ‘ಫ್ರೇಮ್ ಎಲ್ಲಿವರೆಗೆ ಸರ್?’ ಅಂತ ಕ್ಯಾಮೆರಾಮನ್‌ರನ್ನು ಕೇಳಿ, ಸಂಕೋಚ ಬೇಡ. ಸೊಂಟದವರೆಗೆ ಇದ್ದರೆ ಕೈಗೆ ಕೆಲಸವಿದೆ, ಗದ್ದದವರೆಗೆ ಇದ್ದರೆ ಕಣ್ಣಿಗೆ ಮಾತ್ರ. ಕ್ಲೋಸ್‌ನಲ್ಲಿ ಎದುರಿನವರ ಎರಡು ಕಣ್ಣಿನ ನಡುವೆ ಓಡಾಡಬೇಡಿ. ಕ್ಯಾಮೆರಾಗೆ ಹತ್ತಿರವಿರುವ ಕಣ್ಣೊಂದನ್ನೇ ನೋಡಿ. ಮಾಸ್ಟರ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದಿರೋ ಕ್ಲೋಸ್‌ನಲ್ಲೂ ಅದೇ ಪದಕ್ಕೆ ಎತ್ತಬೇಕು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಕಟ್ ಕೂಡುವುದಿಲ್ಲ, ನಿಮ್ಮ ಒಳ್ಳೆಯ ಟೇಕೇ ಹೊರಗೆ ಹೋಗುತ್ತದೆ.

ಧಾರಾವಾಹಿಯಲ್ಲಿ ಸೀನ್ ಪೇಪರ್ ಎಷ್ಟೋ ಸಲ ಅವತ್ತೇ ಕೈಗೆ ಬರುತ್ತದೆ. ಪ್ರಾಂಪ್ಟಿಂಗ್, ಅಂದರೆ ಪಕ್ಕದಿಂದ ಸಾಲು ಹೇಳಿಕೊಡುವುದು, ಇರುವ ಸೆಟ್‌ಗಳಲ್ಲಿ ಕಲಿಯದೆಯೂ ದಾಟಬಹುದು. ಆದರೆ ಮುಂದಿನ ಸಾಲಿಗೆ ಕಿವಿ ಆ ಕಡೆ ಇಟ್ಟವನು ಎದುರಿನವರ ಮಾತು ಕೇಳುವುದು ಹೇಗೆ? ಅದಕ್ಕೇ ನಾನು ಮೇಕಪ್‌ಗೆ ಕೂತಾಗಲೇ ಸೀನು ಪೂರ್ತಿ ಓದುತ್ತೇನೆ. ಮೊದಲು ಎದುರಿನವರ ಸಾಲು, ಆಮೇಲೆ ನನ್ನದು. ರಾಗ ಹಾಕದೆ, ಭಾವ ಸೇರಿಸದೆ ಓದಿಕೊಂಡರೆ ಮಾತು ಒಂದೇ ಧಾಟಿಗೆ ಅಂಟಿ ಕೂರುವುದಿಲ್ಲ, ಸೆಟ್ಟಿನಲ್ಲಿ ಹೇಗೆ ಬೇಕಾದರೂ ತಿರುಗುತ್ತದೆ. ಸಿಂಕ್ ಸೌಂಡ್ ಇದ್ದ ಕಡೆ, ಅಂದರೆ ಸೆಟ್ಟಿನಲ್ಲಿ ಆಡಿದ ಮಾತನ್ನೇ ರೆಕಾರ್ಡ್ ಮಾಡಿಕೊಳ್ಳುವ ಕಡೆ, ಈ ಅಭ್ಯಾಸವೇ ನನ್ನನ್ನು ಕಾಪಾಡಿದೆ.

ಭಾಷೆಯ ವಿಷಯ. ನಮ್ಮ ಕಡೆ ಮಾತಿಗೆ ಮೊದಲು ಸಿಕ್ಕಿದ್ದು ಬರೀ ನಗಿಸುವ ಪಾತ್ರಗಳು. ಉತ್ತರ ಕರ್ನಾಟಕದ ಕನ್ನಡದಲ್ಲಿ ಅಳುವವರು, ಸಿಟ್ಟಾಗುವವರು, ಪ್ರೀತಿ ಮಾಡುವವರು ಇಲ್ಲವೇ? ಇದು ನನಗೆ ಇವತ್ತಿಗೂ ನೋವಿನ ವಿಷಯ. ನನ್ನ ಮಾತನ್ನು ಬಿಡಲಿಲ್ಲ. ಜೊತೆಗೆ ಬೆಂಗಳೂರಿನದು, ಮಂಡ್ಯದ್ದು, ಕರಾವಳಿಯದು ಕಲಿತೆ. ಕಲಿತದ್ದು ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಕಾಯುವ ಬೆಂಚಿನಲ್ಲಿ. ಪದಗಳಿಗಿಂತ ಮೊದಲು ಮಾತಿನ ಏರಿಳಿತ ಹಿಡಿಯಬೇಕು. ಅದು ಸಿಕ್ಕರೆ ಪದ ತಾನಾಗಿ ಬರುತ್ತದೆ.

ಡಬ್ಬಿಂಗ್ ಕೂಡ ನನಗೆ ಒಂದು ಶಾಲೆಯೇ ಆಯಿತು. 2020ರ ಲಾಕ್‌ಡೌನ್ ಹೊತ್ತಿಗೆ ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದವು, ಕಂಠದಾನ ಮಾಡುವವರಿಗೆ ಕೆಲಸ ಹೆಚ್ಚಿತು. ಅಲ್ಲಿ ನೋಡಬೇಕಾದ್ದು ಪ, ಬ, ಮ. ಈ ಅಕ್ಷರಗಳಿಗೆ ತುಟಿ ಮುಚ್ಚುತ್ತದೆ. ತೆರೆಯ ಮೇಲಿನ ತುಟಿ ಮುಚ್ಚಿದಾಗ ನಮ್ಮ ಸಾಲಿನಲ್ಲೂ ಅಂಥದ್ದೊಂದು ಅಕ್ಷರ ಬಂದರೆ ಮಾತು ಅಂಟಿಕೊಳ್ಳುತ್ತದೆ. ಇನ್ನೊಬ್ಬ ನಟನ ಉಸಿರಿಗೆ ಉಸಿರು ಕೂಡಿಸುವಾಗ ಅವನು ಎಲ್ಲಿ ಯೋಚಿಸಿದ, ಎಲ್ಲಿ ತಡೆದುಕೊಂಡ ಅನ್ನುವುದು ಗೊತ್ತಾಗುತ್ತದೆ.

ಇನ್ನು ಅವಕಾಶ. ರಂಗತಂಡದಿಂದ ಬಂದ ಸಂಚಾರಿ ವಿಜಯ್ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟನಾದಾಗ ನಮ್ಮಂಥವರಿಗೆಲ್ಲ ಎದೆ ಉಬ್ಬಿತ್ತು. ಆದರೆ ದಿನದ ಕೆಲಸ ಬರುವುದು ಸಹ ನಿರ್ದೇಶಕರಿಂದ, ಮ್ಯಾನೇಜರ್‌ಗಳಿಂದ. ಹೇಳಿದ ಹೊತ್ತಿಗೆ ಬಂದವರು, ಒಂದೇ ಡೇಟನ್ನು ಇಬ್ಬರಿಗೆ ಕೊಡದವರು ಅವರಿಗೆ ನೆನಪಿರುತ್ತಾರೆ. ಇವತ್ತಿನ ಅಸಿಸ್ಟೆಂಟ್ ನಾಳೆ ನಿರ್ದೇಶಕ. ನನ್ನ ದೊಡ್ಡ ಪಾತ್ರಗಳು ಬಂದದ್ದು ಹಾಗೆಯೇ. ಆಡಿಷನ್ ವಿಡಿಯೋ ಕಳಿಸುವಾಗ ಖಾಲಿ ಗೋಡೆ, ಮುಖಕ್ಕೆ ಬೆಳಕು, ಎದುರು ಮಾತಿಗೆ ಒಬ್ಬರು, ಇಷ್ಟಿದ್ದರೆ ಸಾಕು. ಹಿನ್ನೆಲೆ ಸಂಗೀತ ಬೇಡವೇ ಬೇಡ. ಆಡಿಷನ್‌ಗೆ, ಪಾತ್ರಕ್ಕೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ದುಡ್ಡು ತಡವಾಗಿ ಬರುತ್ತದೆ, ಕೆಲಸ ಮಾಡಿ ಎರಡು ಮೂರು ತಿಂಗಳಾದ ಮೇಲೆ ಬಂದದ್ದೂ ಇದೆ. ಆದ್ದರಿಂದ ಅಷ್ಟು ತಿಂಗಳ ಮನೆ ಖರ್ಚು ಮೊದಲೇ ಕೈಯಲ್ಲಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ ಮಾಡುತ್ತೇನೆ, ಬಾಡಿಗೆಗೆ ಅದು ಆಸರೆ. ದಿನಕ್ಕೆ ಎಷ್ಟು, ಬ್ಯಾಟಾ (ದಿನದ ಭತ್ಯೆ) ಎಷ್ಟು, ಡಬ್ಬಿಂಗ್ ಇದರಲ್ಲೇ ಸೇರಿದೆಯೋ ಬೇರೆಯೋ, ಎಲ್ಲವನ್ನೂ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇಕಡಾ 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಬಹುದು. ರಿಟರ್ನ್ಸ್ ಹಾಕಿದರೆ, ತೆರಿಗೆ ಅಷ್ಟಿಲ್ಲದವರಿಗೆ ಆ ಹಣ ವಾಪಸ್ ಬರುತ್ತದೆ. ಹೊಸಬರು ಎಷ್ಟೋ ಮಂದಿ ಇದನ್ನು ಕೇಳಲೂ ಹೋಗುವುದಿಲ್ಲ. ಕೇಳಿ, ಅದು ನೀವು ದುಡಿದ ದುಡ್ಡು.