ಘಟ್ಟ ಇಳಿದು, ಪಾಲಿನ ದೋಣಿಯಲ್ಲಿ ಗಾಳ ಹಾಕುವವರಿಗೆ

ತುಂಗೆಯಲ್ಲಿ ಗಾಳ ಹಾಕಿ ಅಭ್ಯಾಸ ಇರಬಹುದು, ಕಡಲಿನ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ ಹೊರಡಿ.

ಪಾಲಿನ ದೋಣಿ ಎಂದರೆ ಹಲವರು ಬಾಡಿಗೆ ಹಂಚಿಕೊಂಡು ಹೋಗುವ ದೋಣಿ. ದುಡ್ಡು ಕೊಡುವ ಮೊದಲೇ ದೋಣಿಯವರನ್ನು ಕೇಳಿ: ಎಷ್ಟು ಜನ, ಗಾಳ, ಎರೆ, ಐಸು ಅದರಲ್ಲೇ ಬಂತಾ, ಸಿಕ್ಕ ಮೀನು ಯಾರಿಗೆ, ತಲೆಗೊಂದು ಲೈಫ್ ಜಾಕೆಟ್ ಇದೆಯಾ. ಜಾಕೆಟ್ ವಿಷಯಕ್ಕೆ ತಡವರಿಸಿದರೆ ಬೇರೆ ದೋಣಿ ನೋಡಿ.

ಆಗುಂಬೆ ತಿರುವಿನಲ್ಲೇ ಹೊಟ್ಟೆ ತೊಳಸುವವರು ಹಿಂದಿನ ರಾತ್ರಿಯೇ ಮಲ್ಪೆ ಕಡೆ ಉಳಿಯಿರಿ. ವಾಂತಿ ಮಾತ್ರೆ ದೋಣಿ ಹತ್ತುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಜಾಸ್ತಿ ಪ್ರಯೋಜನವಿಲ್ಲ. ಎರಡು ಇಡ್ಲಿ ತಿನ್ನಿ, ಖಾಲಿ ಹೊಟ್ಟೆಯೂ ಕಷ್ಟವೇ.

ಪಾಲಿನ ದೋಣಿಯಲ್ಲಿ ಜಗಳ ಬರುವುದು ದಾರ ಸಿಕ್ಕುಬಿದ್ದಾಗ. ಎಲ್ಲರೂ ಒಂದೇ ತೂಕದ ಸೀಸ ಕಟ್ಟಿ, ಹಗುರದ್ದು ನೀರಿನ ಸೆಳೆತಕ್ಕೆ ಪಕ್ಕದವರ ದಾರದ ಮೇಲೆ ಹೋಗಿಬಿಡುತ್ತದೆ. ದೂರ ಬೀಸಬೇಡಿ, ನೇರ ಕೆಳಗೆ ಬಿಡಿ. ದೊಡ್ಡ ಮೀನು ಕಚ್ಚಿದರೆ ಕೂಗಿ ಹೇಳಿ, ಅಕ್ಕಪಕ್ಕದವರು ದಾರ ಎತ್ತಿಕೊಳ್ಳಲಿ.

ಮೀಸೆ ಇರುವ ಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡಿ, ಅದರ ಮುಳ್ಳು ವಿಷ. ಬಂಗುಡೆ ಸಿಕ್ಕಿದ ಕೂಡಲೇ ಐಸಿಗೆ ಹಾಕಿ, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಕೆಟ್ಟುಹೋದರೆ ಮನೆಯವರ ಬೈಗುಳ ಉಚಿತ.