ಇಂಜೆಕ್ಷನ್ ಪಿಕಪ್‌ಗೆ ಕಾರ್ಬೊರೇಟರ್ ಎಂಜಿನ್ ಕೂರಿಸುವುದು ಹೇಗೆ?

ಕರಾವಳಿಯಲ್ಲಿ ಹತ್ತು ಮಳೆಗಾಲ ಕಂಡ ಇಂಜೆಕ್ಷನ್ ಗಾಡಿಯ, ಅಂದರೆ ಸೆನ್ಸರ್ ನೋಡಿ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಗಾಡಿಯ, ಬಾನೆಟ್ ಎತ್ತಿ, ಎಂಜಿನ್ ಬದಿಯ ಯಾವುದಾದರೂ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ನೋಡಿ. ಪಿನ್ನುಗಳ ಮೇಲೆ ಹಸಿರು ಹುಡಿ ಕೂತಿರುತ್ತದೆ. ಉಪ್ಪುಗಾಳಿಯ ಕೆಲಸ ಅದು. ಕುಮಟಾದಿಂದ ಶಿರಸಿಗೆ ಹೊರಟ ಗಾಡಿ ದೇವಿಮನೆ ಘಟ್ಟದಲ್ಲಿ ಮಳೆಗೆ ಮುಗ್ಗರಿಸಿ ನಿಲ್ಲುವುದಕ್ಕೆ, ಅರ್ಧ ಗಂಟೆ ಬಿಟ್ಟು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವುದಕ್ಕೆ ಎಷ್ಟೋ ಸಲ ಈ ಹುಡಿಯೇ ಕಾರಣ. ಇದನ್ನು ನಾಲ್ಕು ಸಲ ಅನುಭವಿಸಿದ ಮಾಲೀಕರು ಗ್ಯಾರೇಜಿಗೆ ಬಂದು, "ಈ ವೈರಿನ ಕಾಟ ಸಾಕು ಮಾರಾಯ್ರೆ, ಹಳೇ ಕಾರ್ಬೊರೇಟರ್ ಎಂಜಿನ್ನೇ ಹಾಕಿಬಿಡಿ" ಅನ್ನುತ್ತಾರೆ. ಕಾರ್ಬೊರೇಟರ್ ಅಂದರೆ ಕಂಪ್ಯೂಟರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಹಳೇ ಸಾಧನ.

ಅವರಿಗೆ ನಾನು ಮೊದಲು ಕೇಳುವುದು ಒಂದು ದಿನದ ಸಮಯ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗುವ ಅರ್ತ್ ವೈರುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಬೇಕು. ಪ್ರತಿ ಕನೆಕ್ಟರನ್ನೂ ಸ್ಪ್ರೇ ಹೊಡೆದು ತೊಳೆದು ಒಣಗಿಸಬೇಕು. ಟ್ಯಾಂಕಿನ ಪಂಪಿನ ಒತ್ತಡ ಅಳೆಯಬೇಕು. ಎಂಜಿನ್ ಇಳಿಸಲೇಬೇಕೆಂದು ಬಂದ ಗಾಡಿಗಳಲ್ಲಿ ಹಲವು ಇಷ್ಟಕ್ಕೇ ಸರಿಹೋಗಿದ್ದನ್ನು ಕಂಡಿದ್ದೇನೆ. ಇಂಜೆಕ್ಷನ್ ಎಂಜಿನ್ ಸರಿ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಹೆಡ್ ಬಿರುಕು ಬಿಟ್ಟು, ಕಂಪ್ಯೂಟರ್ ಸುಟ್ಟು, ಬಿಡಿಭಾಗವೂ ಸಿಗದ ಸ್ಥಿತಿ ಬಂದಾಗ ಮಾತ್ರ ಮುಂದಿನ ಮಾತು.

ಮುಂದಿನ ಮಾತೂ ಪಾನಾ ಹಿಡಿಯುವುದಲ್ಲ, ಕಾಗದ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಗಾಡಿ ಕೆಎ 30ರದ್ದಾದರೆ ಕಾರವಾರ, ಕೆಎ 31ರದ್ದಾದರೆ ಶಿರಸಿ, ಕೆಎ 47ರದ್ದಾದರೆ ಹೊನ್ನಾವರದ ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿ. ಹೊಗೆ ತಪಾಸಣೆಯೂ ಅಡ್ಡ ಬರುತ್ತದೆ. ಬಿಎಸ್ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡ) 2 ಮತ್ತು 3ರ ಪೆಟ್ರೋಲ್ ನಾಲ್ಕುಚಕ್ರ ಗಾಡಿಗೆ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.5. ಹಳೇ ಕಾಲದ ಗಾಡಿಗೆ ಅದು ಶೇ 3 ಇತ್ತು. ಕಾರ್ಬೊರೇಟರ್ ಎಂಜಿನ್ ಆ 0.5ರೊಳಗೆ ನಿಲ್ಲುವುದು ಬಲು ಕಷ್ಟ. ಆದ್ದರಿಂದ ಈ ಕೆಲಸ ರಸ್ತೆಯ ಗಾಡಿಗಲ್ಲ. ತೋಟದೊಳಗೇ ಓಡಾಡುವ, ಅಡಿಕೆ ಕೊನೆ ಹೊರುವ, ಬೆಟ್ಟದಿಂದ ಸೊಪ್ಪು ತರುವ ಗಾಡಿಗೆ ಮಾತ್ರ ಎಂದು ತಿಳಿದೇ ಮುಂದೆ ಓದಿ.

ನಮ್ಮಲ್ಲಿ ಪಿಕಪ್ ಅಂದರೆ ಹೆಚ್ಚಿನವು ಡೀಸೆಲ್. ಪೆಟ್ರೋಲಿನದು ಅಂದರೆ ಹಿಂಬದಿ ತೆರೆದು ಸಾಮಾನು ಹೇರುವ ಹಳೆಯ ಜಿಪ್ಸಿಯಂಥವು. ಜಿಪ್ಸಿ ಕಿಂಗ್‌ನ 1.3 ಲೀಟರ್ ಎಂಜಿನ್ ಮೊದಲು ಕಾರ್ಬೊರೇಟರ್‌ನಲ್ಲಿ ಬಂತು, ಆಮೇಲೆ ಎಂಪಿಎಫ್‌ಐ, ಅಂದರೆ ಇಂಜೆಕ್ಷನ್, ಆಯಿತು. ಹೀಗೆ ಒಂದೇ ಮನೆತನದ ಹಳೆಯ ಎಂಜಿನ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಆದರೂ ಗುಜರಿಯಲ್ಲಿ ದುಡ್ಡು ಎಣಿಸುವ ಮುಂಚೆ ಗೇರ್‌ಬಾಕ್ಸ್ ಸೇರುವ ಬೋಲ್ಟುಗಳ ತೂತು, ಫ್ಲೈವೀಲ್, ಕ್ಲಚ್ ಪ್ಲೇಟ್, ಮೌಂಟಿಂಗ್ ಇವನ್ನು ನಿಮ್ಮ ಗಾಡಿಯದರ ಜೊತೆ ಅಳೆದು ನೋಡಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿ. ಕಾರ್ಬೊರೇಟರ್, ಏರ್ ಕ್ಲೀನರ್, ಡಿಸ್ಟ್ರಿಬ್ಯೂಟರ್, ಇಗ್ನಿಷನ್ ಕಾಯಿಲ್, ಮೆಕ್ಯಾನಿಕಲ್ ಪೆಟ್ರೋಲ್ ಪಂಪು, ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಎಲ್ಲವನ್ನೂ ಅದೇ ಗಾಡಿಯಿಂದ ತನ್ನಿ. ಒಂದೊಂದನ್ನೇ ಆಮೇಲೆ ಹುಡುಕುತ್ತ ಹೋದರೆ ಮಳೆಗಾಲ ಕಳೆದುಹೋಗುತ್ತದೆ. ಎಂಜಿನ್‌ನ ಬಿಲ್ಲನ್ನೂ ಇಟ್ಟುಕೊಳ್ಳಿ.

ಇಳಿಸುವುದು, ಏರಿಸುವುದು ಎಲ್ಲ ಗ್ಯಾರೇಜಿನವರಿಗೂ ಗೊತ್ತು. ಬ್ಯಾಟರಿ ತೆಗೆಯಿರಿ, ಇಂಜೆಕ್ಷನ್ ಲೈನಿನ ಒತ್ತಡ ಇಳಿಸಿ, ಪ್ರತಿ ವೈರಿಗೂ ಪೈಪಿಗೂ ಚೀಟಿ ಕಟ್ಟಿ, ಚೈನ್ ಬ್ಲಾಕ್ ಹಾಕಿ ಎತ್ತಿ. ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ಪೈಲಟ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಬದಲಿಸಿಬಿಡಿ.

ನಿಜವಾದ ಕೆಲಸ ಇರುವುದು ಪೆಟ್ರೋಲ್ ಲೈನಿನಲ್ಲಿ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗಿನ ಪಂಪು 35ರಿಂದ 45 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಒತ್ತಡದಲ್ಲಿ ಪೆಟ್ರೋಲ್ ದೂಡುತ್ತದೆ. ಅಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತಲೂ ಹೆಚ್ಚು. ಕಾರ್ಬೊರೇಟರಿಗೆ ಬೇಕಾದ್ದು ಮೂರು, ನಾಲ್ಕು ಪಿಎಸ್‌ಐ. ಅದರ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಒಂದು ಪುಟ್ಟ ಸೂಜಿಯನ್ನು ಮೇಲೆತ್ತಿ ದಾರಿ ಮುಚ್ಚುತ್ತದೆ, ಅಷ್ಟೇ ಅದರ ಶಕ್ತಿ. ಬಹಳ ವರ್ಷದ ಹಿಂದೆ, ಈ ಕೆಲಸ ಕಲಿಯುವ ಕಾಲದಲ್ಲಿ, ಟ್ಯಾಂಕಿನ ಪಂಪಿನ ವೈರ್ ಕೀಳುವುದನ್ನು ನಾನು ಮರೆತಿದ್ದೆ. ಕೀಲಿ ತಿರುಗಿಸಿ ಎರಡು ಸೆಕೆಂಡ್ ಆಗಿರಲಿಲ್ಲ, ಕಾರ್ಬೊರೇಟರಿನ ಬಾಯಿಂದ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆ ಹರಿಯಿತು. ಎಂಜಿನ್ ತಣ್ಣಗಿತ್ತು, ಅದಕ್ಕೇ ಬದುಕಿದೆವು. ಅಂದಿನಿಂದ ಮೊದಲ ಸ್ಟಾರ್ಟ್ ಆಗುವಾಗ ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ನಾನು ಕೀಲಿ ಮುಟ್ಟುವುದಿಲ್ಲ.

ಟ್ಯಾಂಕ್ ಇಳಿಸಿ. ಒಳಗಿನ ಪಂಪನ್ನು ತೆಗೆದು ಅದೇ ಜಾಗದಲ್ಲಿ ತಳಮುಟ್ಟುವ ಪೈಪು, ತುದಿಗೆ ಜಾಲರಿ ಹಾಕಿ. ಗೇಜಿನ ಫ್ಲೋಟ್ ಅದೇ ಜೋಡಣೆಯಲ್ಲಿ ಇರುವುದರಿಂದ ಅದಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಿ. ಪಂಪಿನ ರಿಲೇ, ಫ್ಯೂಸ್ ಎರಡನ್ನೂ ತೆಗೆದು ವೈರಿನ ತುದಿ ಮುಚ್ಚಿ. ಇನ್ನು ಪೆಟ್ರೋಲ್ ಎಳೆಯುವುದು ಎಂಜಿನ್ ಮೇಲಿನ ಮೆಕ್ಯಾನಿಕಲ್ ಪಂಪು. ಟ್ಯಾಂಕಿಗೆ ಮರಳುವ ರಿಟರ್ನ್ ಪೈಪನ್ನು ಮುಚ್ಚಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಮೊದಲ ಗೇರಿನಲ್ಲಿ ಏರು ಹತ್ತುವಾಗ ಲೈನಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುವುದನ್ನು ಅದು ಬಹಳಷ್ಟು ತಡೆಯುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಹಳೇ ಕಾರ್ಬೊರೇಟರಿನ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಪೈಪು, ಪಂಪಿನ ಡಯಾಫ್ರಂ, ಸೂಜಿಯ ತುದಿ, ಎಲ್ಲವನ್ನೂ ಎಥನಾಲ್ ತಡೆಯುವಂಥದ್ದೇ ಕೇಳಿ ಹಾಕಿ. ಇನ್ನೊಂದು ತೊಂದರೆ ಮಿಶ್ರಣದ್ದು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಶೇ 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಸರಿಪಡಿಸುತ್ತದೆ, ಕಾರ್ಬೊರೇಟರಿಗೆ ಆ ಕಣ್ಣಿಲ್ಲ. ಪ್ಲಗ್ ಬಿಚ್ಚಿದಾಗ ಸುಣ್ಣದಂತೆ ಬೆಳ್ಳಗಿದ್ದರೆ, ಏರಿನಲ್ಲಿ ಕಾರ್ಬೊರೇಟರಿನ ಬಾಯಿಂದ ಪಟ್ ಪಟ್ ಸದ್ದು ಸಿಡಿದರೆ, ಪೆಟ್ರೋಲ್ ಹಾಯುವ ತೂತಿನ ತುಂಡು, ಅಂದರೆ ಮೇನ್ ಜೆಟ್, ಒಂದು ಅಳತೆ ದೊಡ್ಡದು ಹಾಕಿ. ಎಥನಾಲ್ ನೀರು ಹೀರುತ್ತದೆ. ಮಳೆಗಾಲವಿಡೀ ಗಾಡಿ ನಿಲ್ಲಿಸುವುದಿದ್ದರೆ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿ.

ವೈರಿಂಗ್ ಸುಲಭ. ಕೀಲಿ ಆನ್ ಆದಾಗ ಮಾತ್ರವಲ್ಲ, ಸೆಲ್ಫ್ ಹೊಡೆಯುವಾಗಲೂ 12 ವೋಲ್ಟ್ ಬರುವ ವೈರನ್ನು ಹುಡುಕಿ ಕಾಯಿಲ್‌ಗೆ ಕೊಡಿ. ಹಳೇ ಗಾಡಿಯಲ್ಲಿ ಕಾಯಿಲ್ ಜೊತೆ ರೆಸಿಸ್ಟರ್ ಇದ್ದಿದ್ದರೆ ಅದನ್ನೂ ತಂದು ಹಾಕಿ. ಆಯಿಲ್ ಮತ್ತು ಟೆಂಪರೇಚರ್ ಗೇಜಿನ ಸ್ವಿಚ್‌ಗಳನ್ನು ನಿಮ್ಮ ಮೀಟರಿಗೆ ಹೊಂದುವಂಥವೇ ಇಡಿ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪೈಪು ಮ್ಯಾನಿಫೋಲ್ಡಿಗೆ ಸರಿಯಾಗಿ ಸೇರದಿದ್ದರೆ ಇಳಿಜಾರಿನಲ್ಲಿ ಪೆಡಲ್ ಕಲ್ಲಾಗುತ್ತದೆ, ಎರಡು ಸಲ ನೋಡಿ.

ಟೈಮಿಂಗ್ ಅನ್ನು, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತನ್ನು, ಈಗ ಕೂರಿಸಿದ ಎಂಜಿನ್‌ನ ಗುರುತಿಗೆ ಟೈಮಿಂಗ್ ಲೈಟ್ ಹಿಡಿದು ಹೊಂದಿಸಿ. ಮ್ಯಾನ್ಯುವಲ್ ಹಾಗೆ ಹೇಳಿದ್ದರೆ ಆಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪು ಕಿತ್ತು ಬಾಯಿ ಮುಚ್ಚಿರಬೇಕು. ಸ್ಟಾರ್ಟ್ ಮಾಡುವ ಮೊದಲು ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಲಿ, ಇನ್ನೊಬ್ಬರು ಕಾರ್ಬೊರೇಟರಿನ ಬಾಯಿ ತೆರೆದು ಮತ್ತೆ ಪೂರ್ತಿ ಮುಚ್ಚುತ್ತದೆಯೇ ಎಂದು ಕಣ್ಣಾರೆ ನೋಡಲಿ.

ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಹಳೆಯ ಕ್ಯಾಟಲಿಟಿಕ್ ಕನ್ವರ್ಟರ್ ಹಾಗೇ ಇದ್ದರೆ ಎಚ್ಚರ. ಒಂದು ಪ್ಲಗ್ ಕೈಕೊಟ್ಟರೂ ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದು ಕೆಂಪಗೆ ಕಾಯುತ್ತದೆ. ಮಾರ್ಚ್ ತಿಂಗಳ ಸೊಪ್ಪಿನ ಬೆಟ್ಟದಲ್ಲಿ ಒಣ ದರಕಿನ (ಉದುರಿದ ಎಲೆಯ) ಮೇಲೆ ಅಂಥ ಗಾಡಿ ನಿಲ್ಲಿಸಬಾರದು.

ಮೊದಲ ದಿನ ಖಾಲಿ ಗಾಡಿಯಲ್ಲಿ ತೋಟದಿಂದ ಬೆಟ್ಟಕ್ಕೆ ಹೋಗುವ ಏರನ್ನು ನಾಲ್ಕೈದು ಸಲ ಹತ್ತಿ ಇಳಿಯಿರಿ. ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ಒಂದೊಂದೇ ಪೈಪಿನ ಕ್ಲಿಪ್ಪಿನ ಕೆಳಗೆ ಬೆರಳಾಡಿಸಿ ಪಸೆ ಇದೆಯೇ ನೋಡಿ. ಎಂಜಿನ್ ತಣಿದ ಮೇಲೆ ಕಾರ್ಬೊರೇಟರಿನ ಬುಡದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಮರುದಿನ ಅಡಿಕೆ ಕೊನೆ ಹೇರಬಹುದು.