ಮಾತ್ರೆ ಮರೆತರೆ ಮೊದಲು ಸ್ಟ್ರಿಪ್ ನೋಡಿ

ಗೌರಿ ಹಬ್ಬಕ್ಕೆ ತವರಿಗೆ ಹೊರಟ ಗಡಿಬಿಡಿ. ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನ ಸ್ಟ್ರಿಪ್ ಬೀರುವಿನಲ್ಲೇ ಉಳಿಯಿತು. ನೆನಪಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಎಷ್ಟೋ ಮನೆಗಳಲ್ಲಿ ಆಗುವುದೇ ಇದು, ಅಲ್ವಾ? ಗಾಬರಿ ಬೇಡ. ಹಾಗಂತ ಸುಮ್ನೆ ಬಿಡಲೂ ಬೇಡ. ಸ್ಟ್ರಿಪ್ ಕೈಗೆತ್ತಿಕೊಂಡು ಎಣಿಸಿ.

ಅದರಲ್ಲಿ 28 ಮಾತ್ರೆಗಳಿವೆ: 21 ಬಿಳಿ, 7 ಕಂದು. ಗರ್ಭ ತಡೆಯುವ ಹಾರ್ಮೋನು ಇರುವುದು ಬಿಳಿಯದರಲ್ಲಿ ಮಾತ್ರ. ಕಂದು ಬರೀ ಕಬ್ಬಿಣಾಂಶದ ಮಾತ್ರೆ. ಅದು ತಪ್ಪಿದ್ದರೆ ಎಸೆದು ಮುಂದಿನದನ್ನು ನುಂಗಿ.

ಬಿಳಿ ಮಾತ್ರೆ ಒಂದೇ ತಪ್ಪಿದೆಯೇ? ನೆನಪಾದ ಕೂಡಲೇ ನುಂಗಿ. ಇವತ್ತಿನದನ್ನು ಎಂದಿನ ಹೊತ್ತಿಗೆ ನುಂಗಿ. ಒಂದೇ ದಿನ ಎರಡಾದರೂ ಪರವಾಗಿಲ್ಲ, ಸ್ವಲ್ಪ ವಾಕರಿಕೆ ಬರಬಹುದು ಅಷ್ಟೇ.

ಎರಡು ಅಥವಾ ಜಾಸ್ತಿ ತಪ್ಪಿದ್ದರೆ ಕೊನೆಯದಾಗಿ ತಪ್ಪಿದ ಒಂದನ್ನು ಈಗಲೇ ನುಂಗಿ. ಅದಕ್ಕೂ ಹಿಂದಿನವನ್ನು ಎಸೆಯಿರಿ. ಆಮೇಲೆ ದಿನಕ್ಕೊಂದು. ಬಿಡದೆ 7 ದಿನ ಬಿಳಿ ಮಾತ್ರೆ ನುಂಗುವವರೆಗೆ ಕಾಂಡೋಮ್ ಬೇಕೇ ಬೇಕು.

ಈಗ ಮುಖ್ಯ ವಿಷಯ. ಸ್ಟ್ರಿಪ್‌ನ ನಡುವೆ ಮರೆಯುವುದಕ್ಕಿಂತ ಎರಡು ತುದಿಗಳಲ್ಲಿ ಮರೆಯುವುದು ಹೆಚ್ಚು ಅಪಾಯ. ಕಂದು ಮಾತ್ರೆಯ ವಾರ ಅಂಡಾಶಯಕ್ಕೆ ಹಾರ್ಮೋನಿನ ತಡೆ ಇರುವುದಿಲ್ಲ, ಅದು ಮೆಲ್ಲಗೆ ಕೆಲಸಕ್ಕೆ ಏಳುತ್ತಿರುತ್ತದೆ. ಹಾರ್ಮೋನಿಗೆ 7 ದಿನದ ಈ ರಜೆಯಿಂದ ತೊಂದರೆಯಿಲ್ಲ. ಹೊಸ ಸ್ಟ್ರಿಪ್ ಎರಡು ದಿನ ತಡವಾದರೆ ಆ ರಜೆ 9 ದಿನವಾಗುತ್ತದೆ, ಅಷ್ಟರಲ್ಲಿ ಅಂಡ ಬಲಿಯಬಹುದು. ಅದಕ್ಕೇ, ಮೊದಲ ವಾರ ಎರಡು ತಪ್ಪಿ, ಹಿಂದಿನ 5 ದಿನಗಳಲ್ಲಿ ಗಂಡ ಹೆಂಡತಿ ಕೂಡಿದ್ದರೆ, ತಡ ಮಾಡದೆ ವೈದ್ಯರನ್ನು ಗರ್ಭ ತಡೆಯುವ ತುರ್ತು ಮಾತ್ರೆಯ ಬಗ್ಗೆ ಕೇಳಿ. ಮೂರನೇ ವಾರ ಎರಡು ಅಥವಾ ಜಾಸ್ತಿ ತಪ್ಪಿದ್ದರೆ ಬಿಳಿಯವನ್ನು ಮುಗಿಸಿ, ಕಂದು ಬಿಟ್ಟು, ಮರುದಿನವೇ ಹೊಸ ಸ್ಟ್ರಿಪ್ ಶುರು ಮಾಡಿ. ಆ ತಿಂಗಳು ಮುಟ್ಟು ಬಾರದೇ ಇರಬಹುದು.

ಒಂದೂ ತಪ್ಪದಿದ್ದರೆ ವರ್ಷದಲ್ಲಿ 1000 ಹೆಂಗಸರಲ್ಲಿ ಸುಮಾರು 3 ಜನರಿಗಷ್ಟೇ ಗರ್ಭ ನಿಲ್ಲುತ್ತದೆ. ಮರೆವು, ತಡ ಎಲ್ಲ ಸೇರಿದ ನಿಜ ಜೀವನದಲ್ಲಿ ಅದು 100ಕ್ಕೆ ಸುಮಾರು 7.

ಮಾತ್ರೆ ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಿ. ಕ್ಷಯದ ಔಷಧಿ ರಿಫಾಂಪಿಸಿನ್ ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ವೈದ್ಯರಿಗೆ ಮೊದಲೇ ಹೇಳಿ. ವಾರಕ್ಕೊಮ್ಮೆ ನುಂಗುವ ಛಾಯಾ, ಹಾಲೂಡಿಸುವ ತಾಯಂದಿರ ಒಂದೇ ಹಾರ್ಮೋನಿನ ಮಾತ್ರೆ, ಇವುಗಳ ಲೆಕ್ಕವೇ ಬೇರೆ.

ಮಾತ್ರೆ ತಪ್ಪಿದ ತಿಂಗಳು ಮುಟ್ಟು ನಿಂತು ಅನುಮಾನ ಬಂದರೆ ಆಶಾ ಕಾರ್ಯಕರ್ತೆಯ ಹತ್ತಿರ ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ ಕೇಳಿ ಪರೀಕ್ಷೆ ಮಾಡಿಕೊಳ್ಳಿ.